ಕೊಡೆಯ ಮರೆಯ ಎರಡನೇ ರಿಮೋಟ್

ಸೆಲಿನ್ ಬಾಯಿ, ಆ ದಿನ ಗದ್ದೆಯಲ್ಲಿ ಡ್ರೋನ್ ಹಾರಿಸಿದ್ದು ನೀವಲ್ಲ — ನಾನು. ಮೂರು ವರ್ಷದಿಂದ ಇದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೇನೆ.

ನಮ್ಮೂರು ಅನಂತಪುರದ ಶೆಡ್ಡಿನಲ್ಲಿ ನಾನು ಮಾಡಿದ ರಿಮೋಟ್ ನೆನಪುಂಟಲ್ಲ? ಒಂದೇ ಕೈಯಲ್ಲಿ ಹಿಡಿಯುವುದು, ಹೆಬ್ಬೆರಳಿಗೆ ಒಂದೇ ಕಡ್ಡಿ. ದೂಡಿದ ಕಡೆ ಡ್ರೋನ್ ಹೋಗಬೇಕು, ಬೆರಳು ಬಿಟ್ಟರೆ ಗಾಳಿಯಲ್ಲೇ ನಿಲ್ಲಬೇಕು. ಅಷ್ಟೇ! ಹುಚ್ಚು ಹಿಡಿದಿತ್ತು ನನಗೆ — ಊಟ ಬೇಡ, ನಿದ್ದೆ ಬೇಡ. ನೋಡಲು ಕೊಚ್ಚಿಯಿಂದ ಕಂಪೆನಿಯವರು ಬರುತ್ತಾರೆಂದಾಗ, "ಜನ್ಮದಲ್ಲಿ ರಿಮೋಟ್ ಮುಟ್ಟದವರೂ ಇದನ್ನು ಹಾರಿಸಬಹುದು" ಎಂದು ಜಂಬ ಕೊಚ್ಚಿ, ಪಕ್ಕದ ಮನೆಯ ಟೈಲರ್ ಆದ ನಿಮ್ಮನ್ನೇ ಗದ್ದೆಗೆ ಕರೆತಂದೆ.

ಆದರೆ ಆ ಬೆಳಿಗ್ಗೆ ಬೆರಳು ಬಿಟ್ಟರೂ ಅದು ನಿಲ್ಲುತ್ತಿರಲಿಲ್ಲ, ಗಾಳಿಗೆ ಜಾರುತ್ತಿತ್ತು. ಸರಿಮಾಡಲು ಹೊತ್ತಿರಲಿಲ್ಲ. ಜಾರಿದಾಗಲೆಲ್ಲ ನಾನೇ ಎಳೆದು ಸರಿಮಾಡಲು, ಕೊಡೆಯ ಮರೆಯಲ್ಲಿ ಎರಡನೇ ರಿಮೋಟ್ ಹಿಡಿದು ನಿಮ್ಮ ಬೆನ್ನ ಹಿಂದೆ ನಿಂತೆ — ಅದು ಆನ್ ಇದ್ದರೆ ನಿಮ್ಮ ಕೈಯದು ಬರೀ ಆಟಿಕೆ.

ದೇವರೇ, ಎಂಥಾ ಗಳಿಗೆ ಅದು! ತೆಂಗಿನ ತುದಿ ದಾಟಿ ಏರಿತು, ತಿರುಗಿತು, ಇಳಿದು ನಿಮ್ಮ ಕಾಲ ಬಳಿ ಕೂತಿತು. "ನಾನೇ ಹಾರಿಸಿದ್ದಾ ಮಾರಾಯ!" ಎಂದು ಕುಣಿದಿರಿ. ನಾನೂ ಕುಣಿದೆ! ಆ ಖುಷಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ — ಹಿಂದೆಯೇ ನಾಚಿಕೆ.

ಆಮೇಲೆ ನಿಮ್ಮ ಅಣ್ಣನ ಮಗಳ ಮದುವೆಗೆ "ನಾನೇ ಹಾರಿಸುತ್ತೇನೆ" ಎಂದು ಡ್ರೋನ್, ರಿಮೋಟ್ ಕೇಳಿದಿರಿ. ಇಲ್ಲ ಎನ್ನಲು ಕಾರಣ ಹೇಳಬೇಕಲ್ಲ — ಕೊಟ್ಟೆ. ಡ್ರೋನ್ ಜಾರಿ ಚಪ್ಪರಕ್ಕೆ ಬಡಿಯಿತು. ಎಲ್ಲರೂ ನಕ್ಕರು. ನೀವು ನಿಮ್ಮ ಕೈಗಳನ್ನೇ ನೋಡುತ್ತಾ, "ಕೈ ಹೋಯಿತು ಮಾರಾಯ, ಪ್ರಾಯ ಆಯಿತಲ್ಲ" ಎಂದಿರಿ. ನಾನು ಬಗ್ಗಿ ಡ್ರೋನ್ ಹೆಕ್ಕಿಕೊಂಡೆ. ಮರುವಾರದಿಂದ ರವಿಕೆ ಹೊಲಿಯುವುದನ್ನೇ ನಿಲ್ಲಿಸಿದಿರಿ.

ಈಗ ಹೊಸ ರಿಮೋಟ್ ಗೆದ್ದಿದೆ, ಬಾಯಿ! ಬೆರಳು ಬಿಟ್ಟರೆ ಡ್ರೋನ್ ಗಕ್ಕನೆ ನಿಲ್ಲುತ್ತದೆ! ಅದನ್ನು ಹೇಳಲೆಂದೇ ನಿನ್ನೆ ನಿಮ್ಮಲ್ಲಿಗೆ ಓಡಿಬಂದೆ. ಹೊಲಿಗೆ ಮಿಶನಿನ ಮೇಲೆ ಬಾಳೆಗೊನೆ ಇಟ್ಟಿದ್ದಿರಿ. ಹಾಗೇ ಹಿಂದೆ ತಿರುಗಿ ಬಂದೆ.

ನಿಮ್ಮ ಕೈಗೆ ಎಂತದೂ ಆಗಿರಲಿಲ್ಲ. ಕೆಟ್ಟದ್ದು ನನ್ನ ಯಂತ್ರ, ಅದಕ್ಕಿಂತ ಮೊದಲು ನಾನು. ಅಂದು ನಕ್ಕವರೆಲ್ಲ ಭಾನುವಾರ ಪಾದ್ರಿಗಳ ಪೂಜೆಗೆ ಇಗರ್ಜಿಗೆ ಬರುತ್ತಾರೆ; ಪೂಜೆ ಮುಗಿದ ಕೂಡಲೇ ಅಂಗಳದಲ್ಲಿ ಅವರೆದುರೇ ಹೇಳುತ್ತೇನೆ. ನೀವು ಬೈಯಿರಿ. ಕೆನ್ನೆಗೊಂದು ಬಾರಿಸಿದರೂ ಸರಿ — ಆ ಕೈಯಲ್ಲಿ ಎಷ್ಟು ಬಲ ಉಂಟೆಂದು ನಿಮಗೂ ಗೊತ್ತಾಗಲಿ.