ಸ್ಪೇನಿನ ಸಿನಿಮಾಕ್ಕೆ ಸಾವಿತ್ರಕ್ಕ ಹೇಳಿದ ಅರ್ಥ

ಇವತ್ತು ಬೆಳಗ್ಗೆ ಪರದೆ ಒಗೆದು ಮಾಳಿಗೆಯ ಮೇಲೆ ಹರವಿದೆ. ಪರದೆ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಎರಡು ಪಂಚೆಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿಸಿದ್ದು. ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಹೊಲಿಗೆ. ಯಾವ ಸಿನಿಮಾ ಹಾಕಿದರೂ ನಾಯಕಿ ನಮ್ಮ ಕಡೆ ತಿರುಗಿದ ಕೂಡಲೇ ಆ ಹೊಲಿಗೆ ಅವಳ ಮೂಗಿನ ಮೇಲೆ ಹೋಗಿ ಕೂರುತ್ತದೆ. ಒದ್ದೆ ಬಟ್ಟೆಯ, ಬಾರ್ ಸೋಪಿನ ವಾಸನೆ ಮೂಗಿಗೆ ಬಡಿದಾಗ ಹೋದ ವರ್ಷದ ಒಂದು ಭಾನುವಾರ ನೆನಪಾಯಿತು. ಅವತ್ತೂ ಪರದೆ ಪೂರ್ತಿ ಒಣಗಿರಲಿಲ್ಲ. ಹಾಗೆಯೇ ಕಟ್ಟಿದ್ದೆ.

ನಾನು ತೊಣ್ಣೂರು ಕೆರೆಯ ಸುತ್ತಿನ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಡೈರಿ ಬರೆಯುತ್ತೇನೆ. ಡೈರಿ ಎಂದರೆ ಮನಸ್ಸಿನ ಮಾತೆಲ್ಲ ತೋಡಿಕೊಳ್ಳುವ ಪುಸ್ತಕ ಎಂದು ಎಲ್ಲೋ ಓದಿದ್ದೇನೆ, ನನ್ನದು ಹಾಗಲ್ಲ. ಯಾವ ಬಸ್ಸು ಎಷ್ಟು ತಡ, ಯಾರು ಯಾವ ಪುಸ್ತಕ ಒಯ್ದು ತರಲಿಲ್ಲ, ಸಿನಿಮಾಕ್ಕೆ ಎಷ್ಟು ಜನ ಬಂದರು, ಎಷ್ಟು ಜನ ನಡುವೆ ಎದ್ದರು, ಏಕೆ ಎದ್ದರು. ಗೆಳೆಯರು ನನ್ನನ್ನು ಗಣತಿ ಎಂದೇ ಕರೆಯುವುದು.

ಆ ಗೆಳೆಯರು ಮೂವರು. ಒಬ್ಬ ಶ್ರೀರಂಗಪಟ್ಟಣದವನು, ಒಬ್ಬ ಕೆ.ಆರ್. ಪೇಟೆಯವನು, ಇನ್ನೊಬ್ಬ ಹೊಣಕೆರೆಯವನು. ಪಾಂಡವಪುರ ತಾಲ್ಲೂಕಿನ ಪಾಲಿಗೆ ನಾನು. ನಾಲ್ವರೂ ಸೇರಿ ಊರೂರಲ್ಲಿ ಸಿನಿಮಾ ತೋರಿಸುತ್ತೇವೆ. ಸ್ಪೇನಿನಲ್ಲಿ ಈಚೆಗೆ ತಯಾರಾದ ಸಿನಿಮಾಗಳನ್ನು ಹೊರದೇಶಗಳಲ್ಲಿ ತೋರಿಸಲೆಂದು ಅವರೇ ಕಳಿಸಿಕೊಡುವ ಏರ್ಪಾಡೊಂದಿದೆ, ಅದು ನಮ್ಮಂಥ ಸಣ್ಣ ಗುಂಪಿಗೂ ಸಿಗುತ್ತದೆ ಎಂದು ಶ್ರೀರಂಗಪಟ್ಟಣದ ಗೆಳೆಯ ಪತ್ತೆ ಮಾಡಿದ. ಒಂದೇ ಕರಾರು. ತೋರಿಸಿದ ಮೇಲೆ ಒಂದು ಫಾರಂ ತುಂಬಿ ಕಳಿಸಬೇಕು. ಅದರ ತಲೆಯ ಮೇಲೆ ‘ವಿದೇಶಿ ಪ್ರೇಕ್ಷಕರ ವಿವರ’ ಎಂಬರ್ಥದ ಇಂಗ್ಲಿಷ್ ಸಾಲು. ನಮ್ಮೂರಿನ ನಿಂಗಣ್ಣನಿಗೆ ಇದನ್ನು ಓದಿ ಹೇಳಿದಾಗ ಅವನು ಬೀಡಿ ತುದಿ ಆರಿಸಿ, “ಹುಟ್ದಾಗಿಂದ ಇದೇ ಕೆರೆ ನೀರ್ ಕುಡ್ದಿವ್ನಿ. ನಾ ಯಾವಾಗ್ಲಾ ವಿದೇಶ್ದೋನಾದೆ?” ಎಂದ. ನಾನು ಎಣಿಸುವ ಜನ ಇನ್ನೊಬ್ಬರ ಎಣಿಕೆಯಲ್ಲಿ ವಿದೇಶಿಯರು ಎಂಬುದು ಅಲ್ಲಿಯವರೆಗೆ ನನಗೂ ಹೊಳೆದಿರಲಿಲ್ಲ.

ತೊಡಕು ಇದ್ದದ್ದು ಭಾಷೆಯದು. ಪರದೆಯ ಮೇಲೆ ಸ್ಪ್ಯಾನಿಷ್ ಮಾತು, ಅಡಿಯಲ್ಲಿ ಇಂಗ್ಲಿಷ್ ಅಕ್ಷರ. ಮೊದಲ ಪ್ರದರ್ಶನ ಶ್ರೀರಂಗಪಟ್ಟಣದಲ್ಲಿ, ಕಿಟಕಿ ತೆರೆದರೆ ಕರಿಘಟ್ಟ ಕಾಣುವ ಒಂದು ಮನೆಯ ಮಹಡಿಯಲ್ಲಿ. ಬಂದವರು ಹತ್ತೊಂಬತ್ತು, ಕೊನೆಗೆ ಉಳಿದವರು ಆರು. ಆ ಆರರಲ್ಲಿ ನಾವು ನಾಲ್ವರು. ನನ್ನ ಡೈರಿಯಲ್ಲಿ ಎದ್ದು ಹೋದ ಕಾರಣದ ಕೆಳಗೆ ಒಂದೇ ಸಾಲು: ಬೆಟ್ಟ ನೋಡಲು.

ಆಗ ನನಗೆ ಸಾವಿತ್ರಕ್ಕನ ನೆನಪಾಯಿತು. ಸಾವಿತ್ರಕ್ಕ ನಮ್ಮೂರ ಮಗಳು, ಪಾಂಡವಪುರದ ಸೊಸೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಅದಕ್ಕಿಂತ ಮುಖ್ಯವಾಗಿ, ಅರ್ಥ ಹೇಳುವ ಚನ್ನೇಗೌಡರ ಮಗಳು. ನಮ್ಮ ಕಡೆ ಮೊದಲು ಕಾವ್ಯ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಪದ್ಯ ಓದುವುದು, ಪಕ್ಕದಲ್ಲಿ ಕೂತವರು ಅದರ ಅರ್ಥವನ್ನು ಊರ ಮಾತಿನಲ್ಲಿ ಬಿಡಿಸಿ ಹೇಳುವುದು. ಚನ್ನೇಗೌಡರು ಅರ್ಥಕ್ಕೆ ಕೂತರೆ ಜನ ಪದ್ಯವನ್ನೇ ಮರೆಯುತ್ತಿದ್ದರಂತೆ. ಅವರದೊಂದು ಕಟ್ಟಳೆ ಇತ್ತು. ಅರ್ಥ ಹೇಳುವವರು ಬೇಕಾದರೆ ಒಂದು ಮಾತು ಸೇರಿಸಬಹುದು, ಇದ್ದದ್ದನ್ನು ಮಾತ್ರ ನುಂಗಬಾರದು. ಕೇಳುವವರಿಗೂ ಇದು ಗೊತ್ತಿತ್ತು. ನುಂಗಿದರೆಂದು ಅನುಮಾನ ಬಂದರೆ ಹಿಂದಿನ ಪದ್ಯವನ್ನು ಮತ್ತೆ ಓದಿಸುತ್ತಿದ್ದರು.

ಸಾವಿತ್ರಕ್ಕ ಒಪ್ಪಿದಳು. ಪರದೆಯ ಬಲಗಡೆ ನಿಂತು, ಅಕ್ಷರ ಓದಿ, ಆಮೇಲೆ ನಮ್ಮ ಕಡೆ ತಿರುಗಿ ಹೇಳುವುದು. ಹೊಣಕೆರೆಯಲ್ಲಿ ವೈನಿಗೆ ‘ದ್ರಾಕ್ಷಿ ಹೆಂಡ’ ಎಂದಳು. ಯಜಮಾನರೊಬ್ಬರು, “ನಮ್ ಈಚಲಿಂದಕ್ಕಿಂತ ಗಟ್ಟೀನಾ ತಾಯಿ?” ಎಂದು ಕೇಳಿದರು. ಮುತ್ತು ಕೊಡುವ ಕಡೆಯಲ್ಲೆಲ್ಲ, “ಇಲ್ಲಿ ಮಾತಿಲ್ಲ ಕಣ್ರಪ್ಪ” ಎಂದು ನೆಲ ನೋಡಿಕೊಂಡು ನಿಲ್ಲುತ್ತಿದ್ದಳು. ಕೆ.ಆರ್. ಪೇಟೆಯ ಪ್ರದರ್ಶನದಲ್ಲಿ ‘ಮಾತಿಲ್ಲ’ ನಾಲ್ಕು ಸಲ, ಕೆಮ್ಮು ಹನ್ನೊಂದು. ಆದರೆ ಎದ್ದು ಹೋದವರು ಇಬ್ಬರೇ, ಅವರೂ ಹಾಲು ಕರೆಯುವ ಹೊತ್ತಾಯಿತೆಂದು. ಅಂದಿನಿಂದ ಪ್ರದರ್ಶನವನ್ನು ಮಧ್ಯಾಹ್ನ ಎರಡಕ್ಕೆ ಇಟ್ಟುಕೊಂಡೆವು. ಕಿಟಕಿಗೆ ಟಾರ್ಪಾಲು. ದನಗಳಿಗೆ ಅನುಕೂಲವಾದ ಚಿತ್ರೋತ್ಸವ ಬೇರೆಲ್ಲೂ ಇರಲಾರದು.

ಆ ಸಿನಿಮಾಗಳೂ ಅಷ್ಟೇನೂ ದೂರದವಾಗಿರಲಿಲ್ಲ. ಅಲ್ಲಿಯವರೂ ಉಣ್ಣುತ್ತಲೇ ಜಗಳ ಶುರು ಮಾಡುತ್ತಾರೆ, ಊಟವಾದ ಮೇಲೆ ಬಾಗಿಲು ಮುಂದೆ ಮಾಡಿ ಮಲಗುತ್ತಾರೆ, ಸಂಜೆ ಕುರ್ಚಿಯನ್ನು ಬೀದಿಗೆ ತಂದು ಹೋಗಿ ಬರುವವರನ್ನು ವಿಚಾರಿಸುತ್ತಾರೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಚನ್ನೇಗೌಡರು ತೀರಿಕೊಂಡು ಆಗ ಕೆಲವು ತಿಂಗಳಾಗಿತ್ತು. ಜಮೀನು ನೋಡಿಕೊಳ್ಳುತ್ತಿದ್ದವನು ಸಾವಿತ್ರಕ್ಕನ ಅಣ್ಣ ಶಿವಣ್ಣ. ಕೆಟ್ಟವನಲ್ಲ. ತಂದೆ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿ ತುತ್ತು ಹಾಕಿದವನು. ಕಬ್ಬು ಕಡಿಸುವ ದಿನವೂ ಅಪ್ಪನ ಮೈ ಒರೆಸದೆ ಗದ್ದೆಗೆ ಇಳಿದವನಲ್ಲ. ಆದರೆ ನಮ್ಮ ಕಡೆಯ ರೂಢಿ ನಿಮಗೂ ಗೊತ್ತು. ಮನೆಯ ಹೆಣ್ಣುಮಕ್ಕಳು ತಮಗೆ ಪಾಲು ಬೇಡವೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು, ಅಣ್ಣತಮ್ಮಂದಿರು ಸೀರೆ ಉಡಿಸಿ ಕಳಿಸುವುದು. ಪತ್ರ ತಯಾರಾಗಿತ್ತು. ಗುರುವಾರ ಪಾಂಡವಪುರದಲ್ಲಿ ನೋಂದಣಿ. ಸಾಕ್ಷಿ ನಾನು. ಡೈರಿಯಲ್ಲಿ ಬರೆದೂ ಇಟ್ಟಿದ್ದೆ.

ಆ ಭಾನುವಾರಕ್ಕೆ ಒಂದು ವಾರ ಮೊದಲು ಬಸ್ ಸ್ಟಾಪಿನಲ್ಲಿ ಸಾವಿತ್ರಕ್ಕ ನನ್ನ ಹತ್ತಿರ ಒಂದು ಮಾತು ಹೇಳಿದ್ದಳು. “ಕಾಲುವೆ ಮಗ್ಗುಲಲ್ಲಿ ಒಂದು ಹುಣಸೆಮರ ಅದೆಯಲ್ಲ, ಅಪ್ಪ ಅಲ್ಲಿ ಕೂತ್ಕಂಡು ಅರ್ಥ ಹೇಳೋದನ್ನ ನಂಗೆ ಕಲಿಸ್ತಿದ್ದ. ಆ ಹತ್ತು ಗುಂಟೆ ನನ್ನ ಹೆಸರಿಗೆ ಇದ್ರೆ ಸಾಕು ಅನಿಸ್ತದೆ.”

“ಶಿವಣ್ಣನ್ನ ಕೇಳಕ್ಕಾ.”

“ಕೇಳಿದ್ರೆ ತವರು ಮುಚ್ಕೋತದೆ ಕಣೋ. ಹತ್ತು ಗುಂಟೆ ಸಿಗ್ತದೆ, ಅಣ್ಣ ಹೋಗ್ತಾನೆ. ಬುಡು.”

ಬಸ್ಸು ಬಂತು. ನಾನು ಬಿಟ್ಟೆ.

ಆ ಭಾನುವಾರದ ಸಿನಿಮಾ ಒಂದು ಆಲಿವ್ ತೋಟದ ಮನೆಯದು. ಮುಂಚಿನ ದಿನ ನಾನೊಬ್ಬನೇ ನೋಡಿದ್ದೆ, ಆದ್ದರಿಂದ ಮುಂದೇನೆಂದು ತಿಳಿದಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಮಗಳು ಕೊಯ್ಲಿಗೆಂದು ಊರಿಗೆ ಬರುತ್ತಾಳೆ. ತೋಟವನ್ನೆಲ್ಲ ಅಣ್ಣನೇ ಇಟ್ಟುಕೊಳ್ಳುವುದೆಂದು ಎಲ್ಲರೂ ತಿಳಿದಿರುತ್ತಾರೆ. ಉದ್ದನೆಯ ಮೇಜಿನಲ್ಲಿ ಊಟ. ಅವಳು ಲೋಟ ಕೆಳಗಿಟ್ಟು ಒಂದು ಮಾತು ಹೇಳುತ್ತಾಳೆ. ಸಾವಿತ್ರಕ್ಕನಿಗೆ ಮೊದಲೇ ತಿಳಿಸಬೇಕಿತ್ತೇನೋ. ತಿಳಿಸಲಿಲ್ಲ. ಅವಳು ಯಾವ ಸಿನಿಮಾವನ್ನೂ ಮುಂಚೆ ನೋಡುತ್ತಿರಲಿಲ್ಲ, ನೋಡಿದರೆ ಅರ್ಥ ಹಳಸುತ್ತದೆ ಎನ್ನುತ್ತಿದ್ದಳು.

ಗ್ರಂಥಾಲಯದಲ್ಲಿ ನಲವತ್ತೊಂದು ಜನ. ಶಿವಣ್ಣ ಮೊದಲ ಸಾಲಿನಲ್ಲಿ, ಏಕೆಂದರೆ ಕುರ್ಚಿಗಳನ್ನು ಟ್ರಾಕ್ಟರಿನಲ್ಲಿ ತಂದುಕೊಟ್ಟವನು ಅವನೇ. ಪರದೆಯ ಮೇಲಿನ ಮಗಳು ಲೋಟ ಕೆಳಗಿಟ್ಟಳು. ಮಾತು ಬಂತು. ಕೆಳಗೆ ಅಕ್ಷರ ಮೂಡಿತು, ಹೋಯಿತು. ಸಾವಿತ್ರಕ್ಕ ಪರದೆಯ ಕಡೆಯೇ ನೋಡುತ್ತಿದ್ದಳು.

“ಏನಂದ್ಲವ್ವ?” ಎಂದ ನಿಂಗಣ್ಣ.

“ಏನಿಲ್ಲ. ಇನ್ನೊಂಚೂರು ಉಣ್ಣು ಅಂತಾವ್ಳೆ.”

ಅಷ್ಟರಲ್ಲಿ ಪರದೆಯ ಮೇಲಿನ ಅಣ್ಣ ಕುರ್ಚಿ ಕೆಡವಿಕೊಂಡು ಎದ್ದು ಹೊರಟೇಬಿಟ್ಟ.

“ಉಣ್ಣು ಅಂದಿದ್ಕೆ ಕುರ್ಚಿ ಒದ್ದು ಓಯ್ತಾನಾ? ಅದ್ಯಾವ್ ಸೀಮೆ ಅಡುಗೆ ಮಾಡಿದ್ಲಪ್ಪ!” ನಿಂಗಣ್ಣನ ಮಾತಿಗೆ ಜನ ನಕ್ಕರು.

ನಗದವನು ಶಿವಣ್ಣ ಒಬ್ಬನೇ. “ಸಾವಿತ್ರಿ, ನೀನು ನುಂಗ್ತಿದ್ದೀಯೆ. ಅಪ್ಪ ಇದ್ದಿದ್ರೆ ಬುಡ್ತಿದ್ನಾ?” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಏಯ್, ಇಂದಕ್ಕೆ ಆಕ್ಲಾ ಅದ್ನ” ಎಂದ.

ಲ್ಯಾಪ್‌ಟಾಪು ನನ್ನ ತೊಡೆಯ ಮೇಲಿತ್ತು. ಕೆಟ್ಟುಹೋಯಿತು ಎನ್ನಬಹುದಿತ್ತು, ಕರೆಂಟು ಹೋಯಿತು ಎನ್ನಬಹುದಿತ್ತು. ಸಾವಿತ್ರಕ್ಕನನ್ನು ನೋಡಿದೆ. ಬೇಡ ಎಂದು ಅವಳು ತಲೆ ಆಡಿಸಲಿಲ್ಲ. ಹಿಂದಕ್ಕೆ ಹಾಕಿದೆ.

ಮತ್ತೆ ಲೋಟ, ಮತ್ತೆ ಆ ಮಾತು. ಯಾವಾಗಲೂ ‘ಅವಳು ಹೇಳ್ತಾವ್ಳೆ’ ಎಂದು ಶುರು ಮಾಡುವ ಸಾವಿತ್ರಕ್ಕ ಈ ಸಲ ಹಾಗೆ ಶುರು ಮಾಡಲಿಲ್ಲ. “ಅಣ್ಣ, ಇಲ್ಲಿ ನಂಗೂ ಒಂದು ಮರ ಬೇಕು. ನೀನು ದಾನ ಕೊಡೋದು ಬ್ಯಾಡ. ನಂದು ನಂಗೆ ಬೇಕು.”

ಆ ಅಕ್ಷರಗಳಲ್ಲಿ ‘ಅಣ್ಣ’ ಇರಲಿಲ್ಲ. ಸೇರಿಸಿದ್ದು ಅದೊಂದೇ.

ಅಲ್ಲಿಂದ ಸಿನಿಮಾ ಒಂಬತ್ತು ನಿಮಿಷ ಅರ್ಥವಿಲ್ಲದೆ ಓಡಿತು. ಯಾರೂ ಕೇಳಲಿಲ್ಲ. ಗುರುವಾರದ ವಿಷಯ ಊರಿಗೆಲ್ಲ ಗೊತ್ತಿತ್ತು. ಶಿವಣ್ಣ ಕೊನೆಯವರೆಗೂ ಕೂತಿದ್ದ, ಕುರ್ಚಿಗಳನ್ನು ಮಡಿಚಿ ಟ್ರಾಕ್ಟರಿಗೆ ಹಾಕಿದ. ಆಮೇಲೆ ತಂಗಿಯ ಮುಂದೆ ಬಂದು ನಿಂತ. “ಹುಣಸೆಮರದ ತಾವೇನಾ?”

ಅವಳು ಹೂಂ ಎಂದಳು.

“ಬಾಯ್ಬುಟ್ಟು ಕೇಳಕ್ಕೆ ಸ್ಪೇನಿಂದ ಬರಬೇಕಾಗಿತ್ತಾ ಅವ್ಳು? ಮನೇಲಿ ನಾನು ಸತ್ತೋಗಿದ್ನಾ?”

ಟೀ ಕುಡಿಯದೆ ಹೋದ. ಗುರುವಾರ ನೋಂದಣಿ ಆಗಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಸಾವಿತ್ರಕ್ಕನ ಮನೆಗೆ ತವರಿನ ಬಾಗಿನ ಬರಲಿಲ್ಲ. ಹಬ್ಬ ಕಳೆದ ಮೇಲಿನ ಭಾನುವಾರ ನಾಗಮಂಗಲದಲ್ಲಿ ಪ್ರದರ್ಶನವಿತ್ತು. ಅವಳು ಬಂದು ಅರ್ಥ ಹೇಳಿದಳು. ಒಂದು ಸಾಲನ್ನೂ ನುಂಗಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ಪಾಂಡವಪುರದವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಫಾರಂನಲ್ಲಿ ‘ಸಿನಿಮಾ ಪ್ರೇಕ್ಷಕರ ಮೇಲೆ ಬೀರಿದ ಪರಿಣಾಮ’ ಎಂಬ ಕಾಲಂ ಇದೆ. ನಮ್ಮೂರಿನ ಪ್ರದರ್ಶನದ ಫಾರಂನಲ್ಲಿ ಅದನ್ನು ಖಾಲಿ ಬಿಟ್ಟು ಕಳಿಸಿದ್ದೇನೆ. ಅವರ ಸಿನಿಮಾ ನಮ್ಮಲ್ಲೊಂದು ಮನೆ ಒಡೆಯಿತೆಂದು ಬರೆಯಲೇ? ಒಡೆದಿತ್ತೋ ಇಲ್ಲವೋ ನನಗೇ ತಿಳಿದಿರಲಿಲ್ಲ.

ಇವತ್ತು ಮಧ್ಯಾಹ್ನ ಶಿವಣ್ಣ ಗ್ರಂಥಾಲಯಕ್ಕೆ ಬಂದ. ಕೈಯಲ್ಲಿ ಸರ್ವೆಯವರು ಅಳೆದು ಬರೆದುಕೊಟ್ಟ ನಕ್ಷೆ. ಕಾಲುವೆ ಮಗ್ಗುಲು, ಹುಣಸೆಮರ ಸೇರಿ ಹತ್ತು ಗುಂಟೆ, ಬೇರೆಯಾಗಿ ಗೆರೆ ಎಳೆದದ್ದು. “ಸೋಮವಾರ ರಿಜಿಸ್ಟ್ರೇಸನ್ನು. ಸಾಕ್ಷಿಗೆ ಬಂದ್ಬುಡು. ಇವತ್ತು ಅವ್ಳ ಮನೆಗೆ ಗೌರಿ ಬಾಗಿನ ಕೊಟ್ಟು, ವಿಷ್ಯಾನೂ ಏಳ್ಬರ್ತೀನಿ” ಎಂದ. ಮೊರದ ಬಾಗಿನ ಬೈಕಿಗೆ ಕಟ್ಟಿತ್ತು.

“ಕೋಪ ಹೋಯ್ತಾ ಶಿವಣ್ಣ?”

“ಒಂದ್ ವರ್ಸ ಇತ್ತು ಕಣಪ್ಪ. ಅವ್ಳು ಕೇಳಿದ್ಕಲ್ಲ. ಅವ್ಳಿಗೆ ಬೇಕಾಗಿರಬೋದು ಅಂತ ನಂಗೆ ಒಂದ್ ದಿನಾನೂ ಒಳೀನಿಲ್ವಲ್ಲ, ಆ ಕ್ವಾಪ. ನನ್ ಮ್ಯಾಲೇ ಬಂದಿದ್ದು ಅಂತ ಗೊತ್ತಾಗಕ್ಕೆ ವರ್ಸ ಬೇಕಾಯ್ತು.”

ಅವನು ಹೋದ ಮೇಲೆ ಬೀರು ತೆಗೆದು ಐದು ವರ್ಷದ ಹಿಂದಿನ ಡೈರಿ ಹುಡುಕಿದೆ. ಇಷ್ಟು ಹೊತ್ತು ಸಾವಿತ್ರಕ್ಕನ ಕತೆಯನ್ನು ದೂರ ನಿಂತವನ ಹಾಗೆ ಹೇಳಿಕೊಂಡು ಬಂದೆನಲ್ಲ, ನನಗೂ ಒಬ್ಬಳು ಅಕ್ಕ ಇದ್ದಾಳೆ. ನಾಗಮಂಗಲದಲ್ಲಿ. ಪುಟ ಸಿಕ್ಕಿತು. ‘ಅಕ್ಕ ಸಹಿ ಮಾಡಿದಳು. ಆಮೇಲೆ ಮಸಾಲೆ ದೋಸೆ. ಬಸ್ಸು ಇಪ್ಪತ್ತು ನಿಮಿಷ ತಡ.’ ಅಷ್ಟೇ. ಅವಳು ಏನಾದರೂ ಹೇಳಿದಳೇ ಎಂಬುದಿಲ್ಲ. ನಾನು ಏನಾದರೂ ಕೇಳಿದೆನೇ ಎಂಬುದೂ ಇಲ್ಲ.

ಫೋನು ಮಾಡಿದೆ. “ಅಕ್ಕಾ, ಅವತ್ತು ನೀನು ಸಹಿ ಹಾಕಿದೆಯಲ್ಲ, ನಿನಗೇನಾದರೂ ಬೇಕು ಅನ್ನಿಸಿತ್ತಾ?”

ಆ ಕಡೆ ಕುಕ್ಕರು ಕೂಗುತ್ತಿತ್ತು. ಅವಳು ಒಲೆ ಆರಿಸಿದ ಸದ್ದು ಕೇಳಿತು.

“ಫೋನಲ್ಲಿ ಏಳೋದಲ್ಲ ಕಣ್ಲಾ ಅದು. ಬಾ.”

ಭಾನುವಾರ ಶ್ರೀರಂಗಪಟ್ಟಣದಲ್ಲಿ ಪ್ರದರ್ಶನವಿದೆ. ನಾನು ಬರುವುದಿಲ್ಲ, ಜನರನ್ನು ಯಾರಾದರೂ ಎಣಿಸಿಕೊಳ್ಳಿ ಎಂದು ಗೆಳೆಯರಿಗೆ ತಿಳಿಸಿ, ನಾಗಮಂಗಲದ ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿದೆ.