ಮಚ್ಚಿನಕ್ಕ ದೊಡ್ಡ ಹೋಟೆಲಿಗೆ ಹೋದದ್ದು

ಬೀದಿಯ ಜನಕ್ಕೆಲ್ಲ ಅವಳು ಮಚ್ಚಿನಕ್ಕ. ಮಾಂಸದಂಗಡಿ ಅವಳದು. ಕೊರಡಿನ ಮೇಲೆ ಕುರಿಯ ತೊಡೆಯಿಟ್ಟು ಮಚ್ಚು ಎತ್ತಿದಳೆಂದರೆ ಮತ್ತೊಂದು ಏಟು ಬೇಕಿರಲಿಲ್ಲ. ಅಂಗಡಿ ಮೊದಲು ಗಂಡನದಾಗಿತ್ತು. ಅವನು ಕುಡಿದೂ ಹೊಡೆಯುತ್ತಿದ್ದ, ಕುಡಿಯದೆಯೂ ಹೊಡೆಯುತ್ತಿದ್ದ. ಒಂದು ಬೆಳಗ್ಗೆ ಜಡೆ ಹಿಡಿದು ತಲೆಯನ್ನು ಕೊರಡಿಗೆ ಅಪ್ಪಳಿಸಲು ಬಂದಾಗ, ಮಚ್ಚಿನ ಹಿಂಬದಿಯಿಂದ ಅವನ ಮೊಣಕೈಗೆ ಬೀಸಿದಳು. ಮೂಳೆ ಮುರಿದ ಸದ್ದು ಎದುರಂಗಡಿಗೂ ಕೇಳಿಸಿತು. ಆಸ್ಪತ್ರೆ ಸೇರಿದವನು ಮನೆಗೆ ಬರಲಿಲ್ಲ, ಊರನ್ನೇ ಬಿಟ್ಟ. ಅಂದಿನಿಂದ ಅಂಗಡಿಯ ಬಾಗಿಲು ತೆಗೆಯುವವಳೂ ಅವಳೇ, ಹಾಕುವವಳೂ ಅವಳೇ.

ರಜೆಯ ಮುಖವನ್ನೇ ಕಾಣದ ಅಕ್ಕನನ್ನು ತಂಗಿ ಹಟ ಹಿಡಿದು ನಗರದ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದಳು. ತಂಗಿ ಹೊಲಿಗೆ ಕಲಿಸುವವಳು, ನಾಜೂಕಿನ ಹೆಂಗಸು.

"ಎರಡು ದಿನ ಕಡಿಯೋದು ಕೊಚ್ಚೋದು ಮರೆತು ಮಲಗಕ್ಕ" ಎಂದಳು.

ಮಲಗುವುದೆಲ್ಲಿ? ಕೆಳಗೆ ಕನ್ನಡಿಯಂಥ ನೆಲ, ತೂಗುದೀಪ. ಮೇಲೆ ಕೋಣೆಯಲ್ಲಿ ಹಾಸಿಗೆಗೆ ಒದ್ದೆ ಚಾಪೆಯ ವಾಸನೆ. ಏಸಿಯಿಂದ ದಿಂಬಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕಿಟಕಿ ತೆರೆದರೆ ಮೂಗಿಗೆ ತಾಗುವಂತೆ ಪಕ್ಕದ ಕಟ್ಟಡದ ಗೋಡೆ. ಫೋನು ಮಾಡಿದಾಗಲೆಲ್ಲ ಜೇನಿನಂಥ ದನಿ, "ಈಗಲೇ ಕಳಿಸ್ತೀವಿ ಮೇಡಂ." ಯಾರೂ ಬರಲಿಲ್ಲ.

ಮಾರನೆಯ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಗೋಡೆಯಾಚೆ ಧಡ್ ಎಂದಿತು. ಮತ್ತೆ ಧಡ್. ಆಮೇಲೆ ಬಾಯಿಗೆ ಬಟ್ಟೆ ತುರುಕಿದಂಥ ಅಳು. ಮಚ್ಚಿನಕ್ಕನ ಕೈ ತಾನಾಗಿ ತನ್ನ ನೆತ್ತಿಯ ಹಳೆಯ ಗಾಯ ಮುಟ್ಟಿತು. ತಂಗಿ ಕೆಳಕ್ಕೆ ಫೋನು ಮಾಡಿದಳು. ಈ ಸಲ ಮ್ಯಾನೇಜರು ತಕ್ಷಣ ಬಂದ, ಬಾಗಿಲ ಹೊರಗೇ ನಿಂತು ಕೈ ಹಿಸುಕಿಕೊಂಡ.

"ಅವರು ನಮಗೆ ತುಂಬಾ ಬೇಕಾದವರು ಮೇಡಂ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ."

"ಅವಳಾಗಲೇ ಮಲಗಿದ್ದಾಳೆ ಅನಿಸತ್ತೆ, ನೆಲದ ಮೇಲೆ" ಎಂದು ಮಚ್ಚಿನಕ್ಕ ಅವನನ್ನು ಪಕ್ಕಕ್ಕೆ ಸರಿಸಿ ಹೋಗಿ ಆ ಬಾಗಿಲು ಗುದ್ದಿದಳು.

ಬಿಳಿ ಅಂಗಿಯ ಗಂಡಸು ಬಾಗಿಲು ತೆರೆದ. ತೋಳಿನ ಮೇಲೆ ರಕ್ತದ ಹನಿಗಳು, ಅವನದಲ್ಲ. ಅವನ ಹಿಂದೆ ಮಂಚದ ಕಾಲಿಗೊರಗಿ ಹೆಂಗಸೊಬ್ಬಳು ಬಿದ್ದಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು.

"ಏನೇ ನಿಂದು?" ಎಂದ.

ಒಳಗೆ ಕಾಲಿಟ್ಟವಳ ಮುಖಕ್ಕೆ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆ ಎತ್ತಿ ಬೀಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಮಚ್ಚಿನಕ್ಕ ಕತ್ತು ಹಿಡಿದು ಅವನನ್ನು ಗೋಡೆಗೆ ಬಡಿದಳು, ಇಸ್ತ್ರಿಪೆಟ್ಟಿಗೆ ಹಿಡಿದ ಕೈಯನ್ನು ಬಾಗಿಲ ಚೌಕಟ್ಟಿಗಿಟ್ಟು ತಿರುಚಿದಳು. ಲಟಕ್ಕೆಂದಿತು. ಅವನು ಒದ್ದ, ಅವಳ ಬೆರಳು ಕಚ್ಚಿದ. ಕೆಡವಿ ಎದೆಯ ಮೇಲೆ ಕೂತು, ಹಲ್ಲು ಉದುರುವ ತನಕ ಗುದ್ದಿದಳು. ಅಷ್ಟೂ ಹೊತ್ತು ತನ್ನ ಗಂಡನ ಮುಖವೇ ಕಾಣುತ್ತಿತ್ತೆಂದು ಆಮೇಲೆ ತಂಗಿಗೆ ಹೇಳಿದಳು.

ಓಡಿ ಬಂದ ಕಾವಲಿನವರು ಎಳೆದು ಕೆಡವಿದ್ದು ಅವಳನ್ನೇ. ಒಬ್ಬ ಬೆನ್ನಿಗೆ ಮೊಣಕಾಲೂರಿದ. ಪಕ್ಕೆಲುಬೊಂದು ಬಿರಿಯಿತು.

ಪೊಲೀಸರು ಬಂದು ಬಿದ್ದಿದ್ದ ಹೆಂಗಸನ್ನು ಕೇಳಿದರು. ಅವಳು ಗಂಡನ ಕಡೆ ನೋಡಿ, "ಬಚ್ಚಲಲ್ಲಿ ಜಾರಿಬಿದ್ದೆ" ಎಂದಳು.

ತಂಗಿಗೆ ಮೈಯೆಲ್ಲ ಉರಿಯಿತು. "ಇವಳಿಗೋಸ್ಕರ ಸಾಯೋಕೆ ಹೋದೆಯಲ್ಲಕ್ಕ."

"ಬಿಡೇ" ಎಂದಳು ಮಚ್ಚಿನಕ್ಕ. "ನಾನೂ ಎಷ್ಟು ವರ್ಷ ಜಾರಿಬಿದ್ದಿದ್ದೀನಿ."

ಗಂಡಸು ದೂರು ಕೊಡಲಿಲ್ಲ. ಹೆಂಗಸಿನ ಕೈಯಲ್ಲಿ ಹಲ್ಲು ಉದುರಿಸಿಕೊಂಡದ್ದು ನಾಲ್ಕು ಜನಕ್ಕೆ ತಿಳಿಯುವುದು ಅವನಿಗೆ ಬೇಕಿರಲಿಲ್ಲ. ಹೋಟೆಲಿನವರು ಅಕ್ಕತಂಗಿಯರ ಚೀಲಗಳನ್ನು ಹಿಂಬಾಗಿಲಲ್ಲಿ ತಂದಿಟ್ಟು, ಇನ್ನು ಈ ಕಡೆ ಬರಬೇಡಿ ಎಂದರು. ಆಸ್ಪತ್ರೆಗೆ ಹೋದ ಗಂಡನ ಹಿಂದೆ ಹೋಗಲು ಅಲ್ಲೇ ಕಾರಿಗೆ ಕಾಯುತ್ತ ಆ ಹೆಂಗಸೂ ನಿಂತಿದ್ದಳು. ಮಚ್ಚಿನಕ್ಕ ಪಕ್ಕೆ ಹಿಡಿದುಕೊಂಡು ಅವಳ ಹತ್ತಿರ ಹೋದಳು.

"ಕಣ್ಣು ತೋರಿಸ್ಕೋ ತಾಯಿ. ಜಾರಿಬಿದ್ದೆ ಅಂತಲೇ ಹೇಳು, ಆದ್ರೆ ತೋರಿಸ್ಕೋ."

ಹೆಂಗಸು ತನ್ನ ಸೆರಗಿನ ತುದಿಯಿಂದ ಮಚ್ಚಿನಕ್ಕನ ಹುಬ್ಬಿನ ರಕ್ತ ಒರೆಸಿದಳು. ಕಾರು ಬಂತು, ಹತ್ತಿ ಹೋದಳು.