ತಾತನ ಗಡ್ಡ ಮತ್ತು ಮಿಲಿಟರಿ ರಂಗಪ್ಪ

ಮೊನ್ನೆ ತೊಟ್ಟಿಯ ನೀರು ತಿಳಿಯಾಗಲೆಂದು ದಿನಸಿ ಅಂಗಡಿಯಿಂದ ಪಟಿಕ ತಂದೆ. ತಂದವನು ಸುಮ್ಮನೆ ತೊಟ್ಟಿಗೆ ಹಾಕಬೇಕೋ ಬೇಡವೋ, ಒದ್ದೆ ಮಾಡಿ ದವಡೆಗೆ ಉಜ್ಜಿಕೊಂಡೆ. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ಎಂದು ಹೆಂಡತಿ ಒಳಗೆ ಹೋದಳು. ಅವಳಿಗೇನು ಗೊತ್ತು, ಆ ಚುರುಗುಟ್ಟುವ ತಂಪಿನಲ್ಲಿ ನನಗೆ ಮಿಲಿಟರಿ ರಂಗಪ್ಪ ಸಿಕ್ಕಿದ್ದ. ನಿಮಗೂ ಪರಿಚಯ ಮಾಡಿಸುತ್ತೇನೆ, ಬನ್ನಿ.

ನಮ್ಮದು ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಹೋಗುವ ದಾರಿಯ ಊರು. ಬಸ್ಸು ನಿಲ್ಲುವಷ್ಟು ದೊಡ್ಡದು, ಕಂಡಕ್ಟರ್ ಹೆಸರು ಕೂಗುವಷ್ಟು ದೊಡ್ಡದಲ್ಲ. ರಂಗಪ್ಪನ ತಂದೆ ಹನುಮಯ್ಯ ತೋಟದ ಮನೆಗಳಿಗೆಲ್ಲ ಕ್ಷೌರ ಮಾಡುತ್ತಿದ್ದ. ಹೆಗಲಿಗೆ ಚೀಲ ಹಾಕಿಕೊಂಡು, ಓಣಿ ಸುತ್ತಿ, ನಮ್ಮ ಹಿತ್ತಲಿಗೆ ಬರುತ್ತಿದ್ದ. ಕೊಟ್ಟಿಗೆಯ ಪಕ್ಕದ ಚಪ್ಪಡಿಯ ಮೇಲೆ ತಾತ ಕೂರಬೇಕು, ಹನುಮಯ್ಯ ಕುಕ್ಕರಗಾಲಲ್ಲಿ ಕೂತು ಕೆರೆಯಬೇಕು. ಮುಗಿದ ಮೇಲೆ ತಾತ ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಳ್ಳಬೇಕು. ಅಜ್ಜಿ ಆ ಚಪ್ಪಡಿಯನ್ನು ತೊಳೆಯಬೇಕು. ಹನುಮಯ್ಯ ಕತ್ತಿ ಒರೆಸಿಕೊಳ್ಳುತ್ತ ಇದನ್ನೆಲ್ಲ ನೋಡುತ್ತಿದ್ದ. ಜೊತೆಗೆ ಬರುತ್ತಿದ್ದ ಮಗನೂ ನೋಡುತ್ತಿದ್ದ. ನೋಡಿ ನೋಡಿ ದೊಡ್ಡವನಾಗಿ ಸೈನ್ಯಕ್ಕೆ ಸೇರಿದ.

ಮೀಸೆ, ಪಿಂಚಣಿ ಮತ್ತು ಒಂದು ಕಬ್ಬಿಣದ ಟ್ರಂಕಿನ ಸಮೇತ ವಾಪಸಾದ. ಫಿರಂಗಿ ಹೊಡೆದವನು. ಯುದ್ಧ ಹೇಗಿತ್ತು ಎಂದು ಕೇಳಿದರೆ, ಅಷ್ಟು ಎತ್ತರದಲ್ಲಿ ಬೇಳೆ ಬೇಯುವುದಿಲ್ಲ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಸುದ್ದಿ ನಮ್ಮೂರಿಗೆ ಕೊನೆಯವರೆಗೂ ಸಿಗಲಿಲ್ಲ. ಯಾವುದೋ ಬ್ಯಾಂಕಿನ ಕಾವಲು ಕೆಲಸ ಬಂದರೂ ಒಲ್ಲೆನೆಂದು, ಬಸ್ ಸ್ಟಾಪಿನ ಎದುರು ಕ್ಷೌರದಂಗಡಿ ತೆರೆದ. ಒಂದು ತಿರುಗುವ ಕುರ್ಚಿ, ಒಂದು ಬೆಂಚು, ಹಿಂದುಗಡೆ ಒಂದು ನಲ್ಲಿ. ನೀವು ಏನೇ ಕೇಳಿ, ಕಟಿಂಗ್ ಒಂದೇ ಥರ. ಊರಿನ ಗಂಡಸರೆಲ್ಲ ರಜೆಗೆ ಬಂದ ಸಿಪಾಯಿಗಳಂತೆ ಕಾಣತೊಡಗಿದರು. ನಿಯಮವೂ ಒಂದೇ. ಬಂದ ಕ್ರಮದಲ್ಲಿ ಕೂರಬೇಕು, ಯಾರು ಬಂದರೂ ಯಾರೂ ಏಳಕೂಡದು.

ಹನುಮಯ್ಯ ತೀರಿಕೊಂಡ ಮೇಲೆ ತಾತ ಅವನ ಮಗನಿಗೆ ಹೇಳಿಕಳಿಸಿದ. ರಂಗಪ್ಪ ಬಂದ, ಹಿತ್ತಲಿಗಲ್ಲ, ಮುಂಬಾಗಿಲಿಗೆ. ಕೈಯಲ್ಲಿ ಚೀಲವೂ ಇರಲಿಲ್ಲ.

"ನಮ್ಮಪ್ಪ ನಿಮ್ ಹಿತ್ಲಿಗೆ ಬತ್ತಿದ್ದ ಗೌಡ್ರೆ. ನಾನು ಬರಾಕಿಲ್ಲ. ಅಂಗ್ಡೀಗೆ ಬನ್ನಿ, ಮುಂದ್ಲ ಬಾಗ್ಲಿಂದ್ಲೇ ಬನ್ನಿ."

ಹೇಳಿದ, ಹೊರಟ. ತಾತ ಕೂಗಾಡಲಿಲ್ಲ. ಗಡ್ಡ ಬಿಟ್ಟ.

ಅಂಗಡಿಗೆ ಹೋಗುವುದೆಂದರೆ ಸುಮ್ಮನೆ ಆಯಿತೇ? ನಮ್ಮ ತೋಟದಲ್ಲಿ ಕಾಯಿ ಸುಲಿಯುವ ಸಿದ್ದನ ಪಕ್ಕ ಬೆಂಚಿನಲ್ಲಿ ಕಾಯಬೇಕು. ಆಮೇಲೆ ಸ್ನಾನವಿಲ್ಲದೆ, ಮೈಲಿಗೆ ಹೊತ್ತುಕೊಂಡು, ಊರ ನಡುವೆ ನಡೆದು ಬರಬೇಕು. ತಾನೇ ಕೆರೆದುಕೊಳ್ಳೋಣವೆಂದರೆ ಕೈ ನಡುಕ. ಚಿಕ್ಕನಾಯಕನಹಳ್ಳಿಯಿಂದ ಇನ್ನೊಬ್ಬ ಕ್ಷೌರದವನನ್ನು ಕರೆಸಿದೆವು. ರಂಗಪ್ಪನ ವಿಷಯ ಕಿವಿಗೆ ಬಿದ್ದದ್ದೇ ಅವನು ಕಾಫಿ ಮುಗಿಸಿ ಮುಂದಿನ ಬಸ್ಸಿಗೆ ಹೊರಟುಹೋದ. ತಾತನ ಗಡ್ಡ ಎದೆಗಿಳಿಯಿತು. ಪರವೂರಿನವರು ಸ್ವಾಮಿಗಳೆಂದು ಕಾಲಿಗೆ ಬೀಳತೊಡಗಿದರು. ತಾತ ಒಂದೆರಡು ಸಲ ಆಶೀರ್ವಾದವನ್ನೂ ಮಾಡಿದ.

ರಂಗಪ್ಪನಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಗೌಡರು ಹೋದರೆ ನಾವೂ ಹೋಗೋಣವೆಂದು ಉಳಿದ ತೋಟದವರು ಮನೆಯಲ್ಲೇ ಕೆರೆದುಕೊಂಡು ಕೆನ್ನೆ ಕುಯ್ದುಕೊಳ್ಳುತ್ತಿದ್ದರು. ತಾತನ ಹಟ ಗೆದ್ದರೆ ರಂಗಪ್ಪ ಒಂದೋ ಅಪ್ಪನ ಚೀಲ ಹೆಗಲಿಗೇರಿಸಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಅವನಂತೂ ಬೆಳಗಾದರೆ ಖಾಲಿ ಕುರ್ಚಿ ಒರೆಸಿ ಕಾಯುತ್ತಿದ್ದ.

ಅಷ್ಟರಲ್ಲಿ ತಾತನ ಕಿರಿಮಗಳಾದ ನನ್ನ ಚಿಕ್ಕತ್ತೆಯನ್ನು ನೋಡಲು ಬರುತ್ತೇವೆಂದು ತುರುವೇಕೆರೆಯ ಗಂಡಿನ ಕಡೆಯವರು ಹೇಳಿಕಳಿಸಿದರು. ಮನೆಯ ಯಜಮಾನನಿಗೆ ಈ ಪಾಟಿ ಗಡ್ಡ ಕಂಡರೆ ಯಾವುದೋ ಹರಕೆ ಬಾಕಿ ಇದೆ ಎಂದುಕೊಂಡು ಎದ್ದು ಹೋಗುತ್ತಾರೆ, ಮಗಳು ಬೇಕೋ ಗಡ್ಡ ಬೇಕೋ ನೋಡಿ, ಎಂದಳು ಅಜ್ಜಿ. ಮರುದಿನ ತಾತ ಕೋಟು ತೊಟ್ಟು ಹೊರಟ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನೂ ಹಿಂದೆ ಹೋದೆ.

ಮಾಗಿಯ ಚಳಿ. ಬೆಂಚಿನಲ್ಲಿದ್ದವರೆಲ್ಲ ಮುದುರಿ ಕೂತಿದ್ದರು. ತಾತನನ್ನು ಕಂಡದ್ದೇ ಸಿದ್ದ ಎದ್ದ. ಕೂತ್ಕೊ ಸಿದ್ದಣ್ಣ, ಎಂದ ರಂಗಪ್ಪ, ತಿರುಗಿಯೂ ನೋಡದೆ. ಸಿದ್ದ ಕೂತ. ಸ್ವಲ್ಪ ಹೊತ್ತು ನಿಂತಿದ್ದು ತಾತನೂ ಅವನ ಪಕ್ಕ ಕೂತ. ಸರದಿ ಬಂದಾಗ ರಂಗಪ್ಪ ಹೊಸ ಟವೆಲ್ ಹೊದಿಸಿ, ಬಿಸಿನೀರಿನಲ್ಲಿ ಗಡ್ಡ ನೆನೆಸಿ, ಒಂದಿಷ್ಟೂ ಆತುರವಿಲ್ಲದೆ ನುಣ್ಣಗೆ ಬೋಳಿಸಿದ. ಪಟಿಕ ಉಜ್ಜಿದ. ಚೆನ್ನಾಗೈತೆ ಎಂದ ತಾತ.

ರಂಗಪ್ಪ ಟವೆಲ್ ಕೊಡವಿ ಹಿಂದುಗಡೆ ಹೋದ. ಬಾಗಿಲು ತೆರೆದೇ ಇತ್ತು. ನಮ್ಮೆಲ್ಲರ ಕಣ್ಣೆದುರು, ಹಾಕಿದ ಅಂಗಿಯ ಮೇಲೆಯೇ, ಬಕೆಟ್ಟಿನ ತಣ್ಣೀರನ್ನು ತಲೆಗೆ ಹುಯ್ದುಕೊಂಡ. ಬಂದು ಕುರ್ಚಿಗೂ ನೀರು ಚಿಮುಕಿಸಿ ಒರೆಸಿದ. ಮುಂದಿನವರು ಯಾರಪ್ಪ, ಎಂದ. ಅದುವರೆಗೆ ಯಾರಿಗೆ ಕ್ಷೌರ ಮಾಡಿದಾಗಲೂ ಅವನು ಹಾಗೆ ಮಾಡಿದ್ದಿಲ್ಲ. ನನಗೆ ಅವಮಾನದಿಂದ ಮುಖ ಬಿಸಿಯಾಯಿತು.

ತಾತ ದುಡ್ಡು ಕೊಟ್ಟು ಮನೆಯ ಕಡೆ ನಡೆದ. ಅಜ್ಜಿ ಹಂಡೆ ಕಾಯಿಸಿ, ಹಿತ್ತಲ ಬಾಗಿಲು ತೆಗೆದಿಟ್ಟುಕೊಂಡು ಕಾದಿದ್ದಳು. ತಾತ ಮುಂಬಾಗಿಲಿಂದ ಬಂದವನೇ ನಡುಮನೆಯಲ್ಲಿ ಕೂತುಬಿಟ್ಟ. ಅಜ್ಜಿ ಗಾಬರಿಯಾಗಿ ಸ್ನಾನ ಎಂದಳು.

"ಅವ್ನು ಮಾಡ್ದ ಕಣೇ. ಸಾಕು ಬುಡು."

ಚಿಕ್ಕತ್ತೆಯ ಮದುವೆಯಾಯಿತು. ತೋಟದವರೆಲ್ಲ ಬೆಂಚಿಗೆ ಬಂದರು. ತಾತ ಬದುಕಿರುವವರೆಗೂ ಸಿದ್ದನ ಪಕ್ಕ ಕೂತು ಸರದಿ ಕಾದ. ರಂಗಪ್ಪ ಮತ್ತೆ ನೀರು ಹುಯ್ದುಕೊಳ್ಳಲಿಲ್ಲ.

ಈಗ ರಂಗಪ್ಪನೂ ಇಲ್ಲ. ಅವನ ಕೊನೆಯ ದಿನಗಳಲ್ಲಿ ಒಮ್ಮೆ ಅಂಗಡಿಯ ಮುಂದೆ ಬಿಸಿಲು ಕಾಯಿಸುತ್ತ ಕೂತಿದ್ದಾಗ, ಆವತ್ತು ಅಷ್ಟು ಚಳಿಯಲ್ಲಿ ಯಾಕೆ ತಲೆಗೆ ನೀರು ಹುಯ್ಕಂಡ್ರಿ ಎಂದು ಕೇಳಿದ್ದೆ.

"ಸೆಕೆ ಆಯ್ತಿತ್ತು ಕಣಪ್ಪ."

ನಾನು ಜೋರಾಗಿ ನಕ್ಕೆ. ಅವನು ನಗಲಿಲ್ಲ. ಈಗ ನೆನೆಸಿಕೊಂಡರೆ ನನಗೂ ನಗು ಬರುವುದಿಲ್ಲ.